ಗಿಂಕೆಲ್ ಬಯಲಿನ ಋಣ

ನಾವು ವಾಡಿಕೆಯಲ್ಲಿ ಹಾಲೆಂಡ್ ಎಂದು ಕರೆಯುವ ನೆದರ್ಲೆಂಡ್ಸ್ ದೇಶದಲ್ಲಿ, ಏಡೆ ಎಂಬ ಊರಿನ ಮಗ್ಗುಲಿಗೆ, ಗಿಂಕೆಲ್ ಎಂಬ ಹೆಸರಿನ ಒಂದು ವಿಶಾಲವಾದ ಬಯಲಿದೆ. ಬೇಸಾಯಕ್ಕೆ ಒದಗದ ಮರಳುನೆಲ. ಅದರ ತುಂಬ ಹೆದರ್ ಎಂಬ ಕುರುಚಲು ಗಿಡ. ಆಗಸ್ಟ್ ಕಳೆಯುವ ಹೊತ್ತಿಗೆ ಈ ಗಿಡಗಳೆಲ್ಲ ಹೂತು ಬಯಲಿಗೆ ಬಯಲೇ ನೇರಳೆಯ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯ ದಿನಗಳಲ್ಲಿ ಅಲ್ಲಿ ಕುರಿಮಂದೆಗಳು ಮೇಯುತ್ತಿರುತ್ತವೆ. ಆದರೆ ಸೆಪ್ಟೆಂಬರ್ ತಿಂಗಳ ಮೂರನೆಯ ವಾರದ ಸುಮಾರಿಗೆ ಒಂದು ದಿನ ಆ ಬಯಲಿನ ಅಂಚಿನಲ್ಲಿ ಸಾವಿರಾರು ಜನ ನೆರೆಯುತ್ತಾರೆ. ಮುದುಕರು, ಹೆಂಗಸರು, ತಂದೆಯ ಹೆಗಲೇರಿದ ಮಕ್ಕಳು, ಎಲ್ಲರ ಕಣ್ಣೂ ಆಕಾಶದ ಕಡೆಗೆ. ಸ್ವಲ್ಪ ಹೊತ್ತಿನಲ್ಲಿಯೇ ವಿಮಾನಗಳ ಮೊರೆತ ಕೇಳಿಸುತ್ತದೆ. ಅವುಗಳ ಬಾಗಿಲಿನಿಂದ ಒಬ್ಬರ ಹಿಂದೆ ಒಬ್ಬರಂತೆ ಸೈನಿಕರು ಧುಮುಕುತ್ತಾರೆ; ನೂರಾರು ಪ್ಯಾರಾಚೂಟುಗಳು ಅರಳಿ, ತೂಗಿ, ಮೆಲ್ಲಗೆ ನೆಲಕ್ಕಿಳಿಯುತ್ತವೆ.

ನೋಡುವವರಿಗೆ ಇದೊಂದು ಉತ್ಸವದಂತೆ ಕಂಡರೆ ಆಶ್ಚರ್ಯವಿಲ್ಲ. ಗೆದ್ದ ಯುದ್ಧವನ್ನು ಕೊಂಡಾಡುವ ಪದ್ಧತಿ ಲೋಕದ ಎಲ್ಲ ಜನಾಂಗಗಳಲ್ಲಿಯೂ ಉಂಟಷ್ಟೆ. ಆದರೆ ಗಿಂಕೆಲ್ ಬಯಲಿನಲ್ಲಿ ನೆನೆಯುವುದು ಗೆಲುವನ್ನಲ್ಲ. 1944ರ ಸೆಪ್ಟೆಂಬರಿನಲ್ಲಿ ಇಲ್ಲಿ ಇಳಿದ ಸೈನ್ಯ ಒಂಬತ್ತು ದಿನಗಳ ಕದನದಲ್ಲಿ ಸೋತು ನುಚ್ಚುನೂರಾಯಿತು. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ಆ ಸೋಲಿನ ಬೆಲೆಯನ್ನು ತೆತ್ತವರು ಸೈನಿಕರು ಮಾತ್ರವಲ್ಲ, ಈ ಸೀಮೆಯ ಜನ. ಬಿಡುಗಡೆ ತರಲೆಂದು ಬಂದವರು ಬಿಡುಗಡೆಯನ್ನು ತರಲಿಲ್ಲ. ಬೆಂಕಿಯನ್ನೂ ಹಸಿವನ್ನೂ ವಲಸೆಯನ್ನೂ ತಂದರು. ಹೀಗಿರುವಾಗ ಆ ಜನವೇ ವರ್ಷವರ್ಷವೂ ಮುಂದೆ ನಿಂತು ಈ ಸ್ಮರಣೆಯನ್ನು ನಡೆಸುವುದೇಕೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಆ ಚರಿತ್ರೆಯ ಕಡೆಗೊಮ್ಮೆ ನೋಡೋಣ.

1944ರ ಜೂನಿನಲ್ಲಿ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಆಗಸ್ಟ್ ಮುಗಿಯುವುದರೊಳಗೆ ಪ್ಯಾರಿಸ್ ಬಿಡುಗಡೆಯಾಯಿತು; ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರವೂ ಬಿಡುಗಡೆಯಾಯಿತು. ಜರ್ಮನರು ಕಾಲ್ತೆಗೆದಿದ್ದಾರೆ, ಇನ್ನೊಂದು ಪೆಟ್ಟು ಹಾಕಿದರೆ ಕ್ರಿಸ್‌ಮಸ್ಸಿಗೆ ಮುಂಚೆಯೇ ಯುದ್ಧ ಮುಗಿದೀತು ಎಂಬ ಹುಮ್ಮಸ್ಸು ಎಲ್ಲೆಡೆ ಹಬ್ಬಿತ್ತು. ಆ ಹುಮ್ಮಸ್ಸಿನಿಂದ ಹುಟ್ಟಿದ್ದು ಫೀಲ್ಡ್ ಮಾರ್ಷಲ್ ಮಾಂಟ್‌ಗೊಮರಿಯ ‘ಮಾರ್ಕೆಟ್ ಗಾರ್ಡನ್’ ಯೋಜನೆ. ನೆದರ್ಲೆಂಡ್ಸ್ ನದಿಗಳ ನಾಡು. ಮ್ಯೂಸ್, ವಾಲ್, ಕೆಳ ರೈನ್ ನದಿಗಳೂ ಅವುಗಳ ನಡುವಣ ಕಾಲುವೆಗಳೂ ದಾರಿಗೆ ಅಡ್ಡವಾಗಿವೆ. ಮೂರು ವಿಮಾನವಾಹಿ ಸೇನಾವಿಭಾಗಗಳನ್ನು ಆಕಾಶದಿಂದ ಇಳಿಸಿ ಈ ಸೇತುವೆಗಳನ್ನೆಲ್ಲ ಒಮ್ಮೆಲೇ ಹಿಡಿದುಬಿಡುವುದು. ಬೆಲ್ಜಿಯಮ್ಮಿನ ಗಡಿಯಿಂದ ಟ್ಯಾಂಕುಗಳ ಪಡೆ ಒಂದೇ ರಸ್ತೆಯನ್ನು ಹಿಡಿದು ಸುಮಾರು 100 ಕಿಲೋಮೀಟರ್ ನುಗ್ಗಿ, ಎರಡು ಮೂರು ದಿನಗಳೊಳಗಾಗಿ ಅವರನ್ನು ಕೂಡಿಕೊಳ್ಳುವುದು. ಅಲ್ಲಿಂದ ಜರ್ಮನಿಯ ಒಳನಾಡಿಗೆ ದಾರಿ ತೆರೆಯುವುದು. ಇದು ಲೆಕ್ಕಾಚಾರ. ಐಂಡ್‌ಹೋವನ್ ಮತ್ತು ನೈಮೇಗನ್ ನಗರಗಳ ಕಡೆಯ ಸೇತುವೆಗಳು ಅಮೆರಿಕದ ಎರಡು ವಿಭಾಗಗಳ ಪಾಲಿಗೆ ಬಂದವು. ಎಲ್ಲಕ್ಕಿಂತ ದೂರದ್ದು, ಆರ್ನ್‌ಹೆಮ್ ನಗರದಲ್ಲಿ ರೈನ್ ನದಿಯ ಮೇಲಿನದು. ಅದು ಬ್ರಿಟಿಷರ ಒಂದನೆಯ ವಿಮಾನವಾಹಿ ವಿಭಾಗದ ಪಾಲಿಗೆ ಬಂದಿತು. ಪೋಲೆಂಡಿನ ಒಂದು ಪ್ಯಾರಾಚೂಟ್ ಬ್ರಿಗೇಡ್ ಅದರ ಜೊತೆಗಿತ್ತು.

ಕಾಗದದ ಮೇಲೆ ಸೊಗಸಾಗಿದ್ದ ಈ ಯೋಜನೆಯಲ್ಲಿ ಹಲವು ಬಿರುಕುಗಳಿದ್ದವು. ಇಡೀ ವಿಭಾಗವನ್ನು ಒಂದೇ ದಿನ ಇಳಿಸುವಷ್ಟು ವಿಮಾನಗಳಿರಲಿಲ್ಲ; ಆದುದರಿಂದ ಇಳಿಸುವ ಕೆಲಸವನ್ನು ಮೂರು ದಿನಗಳಿಗೆ ಹಂಚಬೇಕಾಯಿತು. ಇಳಿಯಲು ಆರಿಸಿದ ಬಯಲುಗಳು ಸೇತುವೆಯಿಂದ ಹಲವು ಕಿಲೋಮೀಟರ್ ದೂರದಲ್ಲಿದ್ದವು. ದಣಿವಾರಿಸಿಕೊಳ್ಳಲೆಂದು ಬಂದಿದ್ದ ಜರ್ಮನರ ಎರಡು ಎಸ್‌ಎಸ್ ಟ್ಯಾಂಕ್ ವಿಭಾಗಗಳು ಆರ್ನ್‌ಹೆಮ್ಮಿನ ಹತ್ತಿರದಲ್ಲಿಯೇ ಬೀಡುಬಿಟ್ಟಿದ್ದವು. ಆ ಸುಳಿವು ಮೇಲಿನವರಿಗೆ ಮುಟ್ಟಿತ್ತು, ಆದರೆ ಅವರು ಅದಕ್ಕೆ ಬೆಲೆ ಕೊಡಲಿಲ್ಲ.

ಸೆಪ್ಟೆಂಬರ್ 17ರ ಭಾನುವಾರ ಮೊದಲ ಅಲೆ ಇಳಿಯಿತು. ಲೆಫ್ಟಿನೆಂಟ್ ಕರ್ನಲ್ ಜಾನ್ ಫ್ರಾಸ್ಟ್ ಎಂಬಾತನ ಪಡೆಯೊಂದು ನದಿಯ ದಂಡೆಯನ್ನು ಹಿಡಿದು ನಡೆದು, ಕತ್ತಲಾಗುವ ಹೊತ್ತಿಗೆ ಆರ್ನ್‌ಹೆಮ್ ಸೇತುವೆಯ ಉತ್ತರದ ತುದಿಯನ್ನು ತಲುಪಿತು. ಆದರೆ ಉಳಿದ ಪಡೆಗಳು ದಾರಿಯಲ್ಲಿಯೇ ತಡೆಯಲ್ಪಟ್ಟವು. ರೇಡಿಯೋ ಯಂತ್ರಗಳು ಕೈಕೊಟ್ಟು ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಾಯಿತು. ಮರುದಿನ, ಅಂದರೆ 18ರಂದು, ಬ್ರಿಗೇಡಿಯರ್ ಜಾನ್ ಹ್ಯಾಕೆಟ್ಟನ ನಾಲ್ಕನೆಯ ಪ್ಯಾರಾಚೂಟ್ ಬ್ರಿಗೇಡ್ ಬರಬೇಕಾಗಿತ್ತು. ಅದು ಇಳಿಯಬೇಕಾಗಿದ್ದ ನೆಲವೇ ಗಿಂಕೆಲ್ ಬಯಲು. ಇಂಗ್ಲೆಂಡಿನಲ್ಲಿ ದಟ್ಟವಾದ ಮಂಜು ಕವಿದು ವಿಮಾನಗಳು ಹಲವು ಗಂಟೆ ತಡವಾಗಿ ಹೊರಟವು. ಅಷ್ಟರಲ್ಲಿ ಬಯಲಿನ ಸುತ್ತ ಹೋರಾಟ ನಡೆದಿತ್ತು. ಹಿಂದಿನ ದಿನ ಇಳಿದಿದ್ದ ಸ್ಕಾಟ್ಲೆಂಡಿನ ಒಂದು ಬೆಟಾಲಿಯನ್ ಆ ನೆಲವನ್ನು ಕಾಯುತ್ತಿತ್ತು. ಎದುರಿಗಿದ್ದ ಎಸ್‌ಎಸ್ ಪಡೆಯಲ್ಲಿ ಜರ್ಮನರ ಕೈಕೆಳಗೆ ಸೇರಿದ್ದ ಡಚ್ಚರೇ ಬಹಳ ಮಂದಿ ಇದ್ದರೆಂಬುದು ನೋವಿನ ಮಾತು. ಮಧ್ಯಾಹ್ನ ಸುಮಾರು 2,000 ಮಂದಿ ಧುಮುಕಿದಾಗ ಕೆಳಗಿನಿಂದ ಗುಂಡಿನ ಮಳೆಗರೆಯುತ್ತಿತ್ತು. ಬಯಲಿನ ಗಿಡಗಳಿಗೆ ಬೆಂಕಿ ಹತ್ತಿ ಹೊಗೆಯಾಡುತ್ತಿತ್ತು.

ಆ ಧುಮುಕುವಿಕೆಯ ಬಗೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ವಿಮಾನದೊಳಗೆ ತಲೆಯ ಮೇಲೆ ಉದ್ದಕ್ಕೂ ಒಂದು ಉಕ್ಕಿನ ತಂತಿ. ಪ್ರತಿಯೊಬ್ಬ ಸೈನಿಕನೂ ತನ್ನ ಪ್ಯಾರಾಚೂಟಿಗೆ ಹೊಂದಿಸಿದ ಪಟ್ಟಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಹಸಿರು ದೀಪ ಬೆಳಗಿದೊಡನೆ ಸಾಲಾಗಿ ಹೊರಬೀಳುತ್ತಾರೆ. ಬಿದ್ದವನ ಭಾರಕ್ಕೆ ಪಟ್ಟಿ ಬಿಗಿದು ಪ್ಯಾರಾಚೂಟನ್ನು ಬಿಚ್ಚುತ್ತದೆ. ಆ ದಿನ ಅವರು ಇಳಿದದ್ದು ಸುಮಾರು 200 ಮೀಟರ್ ಎತ್ತರದಿಂದ. ಅರ್ಧ ನಿಮಿಷದಷ್ಟು ಹೊತ್ತು, ಆಕಾಶಕ್ಕೂ ನೆಲಕ್ಕೂ ನಡುವೆ, ಮರೆಯೆಂಬುದಿಲ್ಲದೆ ತೂಗುತ್ತಿರುವ ಸ್ಥಿತಿ. ಇಂದಿನವರಿಗೆ ಎದೆಯ ಮೇಲೆ ಎರಡನೆಯದೊಂದು ಪ್ಯಾರಾಚೂಟ್ ಇರುತ್ತದೆ. ಅಂದಿನ ಬ್ರಿಟಿಷ್ ಸೈನಿಕನಿಗೆ ಅದೂ ಇರಲಿಲ್ಲ. ಒಂದು ತೆರೆದರೆ ಬದುಕು, ಇಲ್ಲವಾದರೆ ಇಲ್ಲ.

ಅಂದು ಇಳಿದವರಲ್ಲಿ ಭಾರತದೊಡನೆ ನಂಟಿದ್ದ ಒಂದು ಪಡೆಯೂ ಇತ್ತು. ಹ್ಯಾಕೆಟ್ಟನ ಬ್ರಿಗೇಡಿನ 156ನೆಯ ಬೆಟಾಲಿಯನ್ ಹುಟ್ಟಿದ್ದು 1941ರಲ್ಲಿ, ದಿಲ್ಲಿಯಲ್ಲಿ. ಆಗ ಕಟ್ಟಿದ ಐವತ್ತನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡಿನಲ್ಲಿ ಒಂದು ಭಾರತೀಯ ಬೆಟಾಲಿಯನ್, ಒಂದು ಗೂರ್ಖಾ ಬೆಟಾಲಿಯನ್, ಮತ್ತೊಂದು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರದು. ಈ ಮೂರನೆಯದನ್ನು ಮಧ್ಯಪ್ರಾಚ್ಯಕ್ಕೆ ಕಳುಹಿಸಿ 156 ಎಂಬ ಹೊಸ ಸಂಖ್ಯೆಯನ್ನು ಕೊಟ್ಟರು. ಆರ್ನ್‌ಹೆಮ್ಮಿನ ಕಾಡುಗಳಲ್ಲಿ ಅದು ಎಷ್ಟರ ಮಟ್ಟಿಗೆ ಕರಗಿಹೋಯಿತೆಂದರೆ ಆ ಬೆಟಾಲಿಯನ್ನನ್ನು ಮತ್ತೆ ಕಟ್ಟಲೇ ಇಲ್ಲ. ಅದರ ಒಡಹುಟ್ಟಿದ ಪಡೆಗಳು ಅದೇ ವರ್ಷದ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಬೆಟ್ಟದ ಮೇಲೆ ಜಪಾನೀಯರನ್ನು ತಡೆದು ನಿಂತಿದ್ದವು. ಇಂದು ತನ್ನ ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಹೊಂದಿರುವ ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ಬೇರು ಇರುವುದೂ ಆ ಐವತ್ತನೆಯ ಬ್ರಿಗೇಡಿನಲ್ಲಿಯೇ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಫ್ರಾಸ್ಟನ ಸುಮಾರು 740 ಮಂದಿ ಸೇತುವೆಯ ತುದಿಯ ಮನೆಗಳಲ್ಲಿ ನಿಂತು, ಮನೆಗಳು ಒಂದೊಂದಾಗಿ ಉರಿದುಬೀಳುತ್ತಿದ್ದಂತೆ ಮೂರು ಹಗಲು ನಾಲ್ಕು ರಾತ್ರಿ ಕಾದಾಡಿದರು. ಮದ್ದುಗುಂಡು ಮುಗಿಯಿತು, ಸೇತುವೆ ಕೈಬಿಟ್ಟಿತು. ಟ್ಯಾಂಕುಗಳ ಪಡೆ ನೈಮೇಗನ್ ದಾಟಿ ಬರುವ ಹೊತ್ತಿಗೆ ಕಾಲ ಮಿಂಚಿತ್ತು. ಉಳಿದವರು ಆರ್ನ್‌ಹೆಮ್ಮಿನ ಪಶ್ಚಿಮಕ್ಕಿರುವ ಓಸ್ಟರ್‌ಬೇಕ್ ಎಂಬ ಊರಿನಲ್ಲಿ ಹಾರ್ಟೆನ್‌ಸ್ಟೈನ್ ಎಂಬ ಹೋಟೆಲಿನ ಸುತ್ತ ಕೋಟೆ ಕಟ್ಟಿಕೊಂಡಂತೆ ನಿಂತರು. ಕಡೆಗೆ ಸೆಪ್ಟೆಂಬರ್ 25ರ ರಾತ್ರಿ, ಸುರಿಯುವ ಮಳೆಯಲ್ಲಿ, ದೋಣಿಗಳ ಮೇಲೆ ರೈನ್ ನದಿಯನ್ನು ದಾಟಿ ದಕ್ಷಿಣಕ್ಕೆ ಹಿಂದೆಗೆದರು. ನದಿಯ ಉತ್ತರಕ್ಕೆ ಹೋಗಿದ್ದವರು ಹತ್ತು ಸಾವಿರಕ್ಕೂ ಹೆಚ್ಚು. ಮರಳಿದವರು ಸುಮಾರು 2,400. ಸತ್ತವರು ಹೆಚ್ಚುಕಡಿಮೆ 1,500. ಉಳಿದವರಲ್ಲಿ ಬಹುಪಾಲು ಮಂದಿ ಸೆರೆಯಾಳುಗಳಾದರು.

ಚರಿತ್ರೆಯ ಪುಸ್ತಕಗಳಲ್ಲಿ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಆದರೆ ಊರಿನವರ ಪಾಲಿಗೆ ಅಧ್ಯಾಯ ಆರಂಭವಾದದ್ದೇ ಇಲ್ಲಿಂದ. ಕದನ ಇನ್ನೂ ಮುಗಿಯುವ ಮುಂಚೆಯೇ ಜರ್ಮನರು ಆರ್ನ್‌ಹೆಮ್ ನಗರವನ್ನು ತೆರವು ಮಾಡಲು ಆಜ್ಞೆ ಹೊರಡಿಸಿದರು. ನಗರವೂ ಸುತ್ತಣ ಹಳ್ಳಿಗಳೂ ಸೇರಿ ಸುಮಾರು ಒಂದು ಲಕ್ಷ ಜನ, ಕೈಗೆ ಸಿಕ್ಕಿದ್ದನ್ನು ತಳ್ಳುಗಾಡಿಗಳಲ್ಲಿ ಹೇರಿಕೊಂಡು ಹೊರಟರು. ಬರಿದಾದ ಮನೆಗಳನ್ನು ಸೂರೆಮಾಡಲಾಯಿತು. 1945ರ ಏಪ್ರಿಲ್‌ವರೆಗೆ ಆ ಊರಿಗೆ ಬಿಡುಗಡೆಯಿಲ್ಲ. ಇತ್ತ, ಸೈನಿಕರು ಇಳಿದ ದಿನವೇ ಲಂಡನ್ನಿನಲ್ಲಿದ್ದ ಡಚ್ ಸರ್ಕಾರದ ಕರೆಗೆ ಓಗೊಟ್ಟು ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದ್ದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಹೋಗದಂತೆ ತಡೆದರು. ಆ ಮೇಲೆ ಬಂದ ಚಳಿಗಾಲಕ್ಕೆ ‘ಹಸಿವಿನ ಚಳಿಗಾಲ’ ಎಂದೇ ಹೆಸರು ನಿಂತಿದೆ. ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತವರು ಸುಮಾರು 20,000 ಎಂದು ಅಂದಾಜು.

ಇಷ್ಟೆಲ್ಲ ಆದ ಮೇಲೆ ಆ ಜನ ಬ್ರಿಟಿಷರ ಹೆಸರೆತ್ತಿದರೆ ಮುಖ ತಿರುಗಿಸಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ನಡೆದದ್ದು ಬೇರೆ. ಅದನ್ನು ತಿಳಿಯಲು ಎರಡು ಮನೆಗಳ ಕಥೆಯನ್ನು ಕೇಳಬೇಕು.

ಮೊದಲನೆಯದು ಓಸ್ಟರ್‌ಬೇಕಿನ ಹಳೆಯ ಚರ್ಚಿನ ಪಕ್ಕದ ಮನೆ. ಅಲ್ಲಿದ್ದವರು ಕೇಟ್ ಟೆರ್ ಹೋರ್ಸ್ಟ್ ಎಂಬ ಗೃಹಿಣಿ, ಚಿಕ್ಕ ಮಕ್ಕಳ ತಾಯಿ. ಗಾಯಗೊಂಡ ಕೆಲವರಿಗೆ ಸ್ವಲ್ಪ ಜಾಗ ಬೇಕೆಂದು ಕೇಳಿದಾಗ ಬಾಗಿಲು ತೆರೆದರು. ಕೆಲವರು ನೂರಾದರು, ನೂರು ಇನ್ನೂರೈವತ್ತನ್ನು ಮೀರಿತು. ಕೋಣೆ, ಹಜಾರ, ಮೆಟ್ಟಿಲು, ಎಲ್ಲೆಲ್ಲಿಯೂ ನರಳುವ ದೇಹಗಳು. ಮನೆಯ ಗೋಡೆಗಳನ್ನು ಗುಂಡುಗಳು ಸೀಳುತ್ತಿದ್ದಾಗ ಆಕೆ ಬೈಬಲ್ಲನ್ನು ಹಿಡಿದು, ಕೋಣೆಯಿಂದ ಕೋಣೆಗೆ ನಡೆದು, ಸಾಯುತ್ತಿದ್ದವರಿಗೆ ಕೀರ್ತನೆಯನ್ನು ಓದಿ ಹೇಳುತ್ತಿದ್ದರು. ಅವರ ತೋಟದಲ್ಲಿಯೇ ಐವತ್ತಕ್ಕೂ ಮೇಲ್ಪಟ್ಟ ಸೈನಿಕರನ್ನು ಹೂಳಲಾಯಿತು. ಕದನ ಅವರಿಂದ ಪಡೆದ ಕಂದಾಯ ಅಷ್ಟಕ್ಕೇ ನಿಲ್ಲಲಿಲ್ಲ. 1947ರಲ್ಲಿ, ಯುದ್ಧ ಬಿಟ್ಟುಹೋಗಿದ್ದ ಸಿಡಿಗುಂಡೊಂದಕ್ಕೆ ಅವರ ಹಿರಿಯ ಮಗ ಬಲಿಯಾದ. ಆದರೂ ಹಳೆಯ ಸೈನಿಕರು ಬಂದಾಗ ಅವರ ಮನೆಯ ಬಾಗಿಲು ಮೊದಲಿನಂತೆಯೇ ತೆರೆದಿತ್ತು.

ಎರಡನೆಯದು ಗಿಂಕೆಲ್ ಬಯಲಿಗೆ ಹತ್ತಿರದ ಏಡೆ ಊರಿನ ಮನೆ. ಬಯಲಿಗೆ ಇಳಿದ ಬ್ರಿಗೇಡಿಯರ್ ಹ್ಯಾಕೆಟ್ ಕದನದ ಕಡೆಯ ದಿನಗಳಲ್ಲಿ ಹೊಟ್ಟೆಗೆ ಲೋಹದ ಚೂರು ಬಡಿದು ಸಾವಿನ ಅಂಚಿಗೆ ಹೋದ. ಆರ್ನ್‌ಹೆಮ್ಮಿನ ಆಸ್ಪತ್ರೆಯಲ್ಲಿ ಸೆರೆಯಾಳಾಗಿದ್ದ ಸೈನ್ಯದ ಶಸ್ತ್ರವೈದ್ಯನೊಬ್ಬ ಅವನನ್ನು ಉಳಿಸಿದ. ಗಾಯ ಮಾಯುವುದಕ್ಕೆ ಮುಂಚೆಯೇ ಡಚ್ ಭೂಗತ ಚಳವಳಿಯವರು ಅವನನ್ನು ಅಲ್ಲಿಂದ ಸಾಗಿಸಿ, ಏಡೆಯ ಡೆ ನೋಯ್ ಮನೆತನದ ಅವಿವಾಹಿತ ಸೋದರಿಯರ ಮನೆಯಲ್ಲಿ ಬಚ್ಚಿಟ್ಟರು. ಜರ್ಮನರು ನೆರೆಯಲ್ಲಿಯೇ ಓಡಾಡುತ್ತಿದ್ದರು. ಶತ್ರುಸೈನಿಕ ಸಿಕ್ಕಿಬಿದ್ದರೆ ಮನೆಯವರಿಗೆ ಮರಣವೇ ಶಿಕ್ಷೆ. ಆ ಹಸಿವಿನ ಚಳಿಗಾಲದಲ್ಲಿ, ತಮಗೇ ಸಾಲದ ಕೂಳಿನಲ್ಲಿ ಪಾಲು ಕೊಟ್ಟು, ಆ ಸೋದರಿಯರು ನಾಲ್ಕು ತಿಂಗಳು ಅವನನ್ನು ಸಾಕಿದರು. 1945ರ ಆರಂಭದಲ್ಲಿ ಅವನು ಸೈಕಲ್ ಹತ್ತಿ, ಆಮೇಲೆ ದೋಣಿಯಲ್ಲಿ, ತನ್ನವರನ್ನು ಸೇರಿದ. ಸುರಕ್ಷಿತವಾಗಿ ತಲುಪಿದ ಸುದ್ದಿ ಸೋದರಿಯರಿಗೆ ಮುಟ್ಟಿದ್ದು ರೇಡಿಯೋದಿಂದ. ಬೂದುಬಣ್ಣದ ಹೆಬ್ಬಾತೊಂದು ಹೊರಟುಹೋಯಿತು ಎಂಬ ಅರ್ಥದ ಸಂಕೇತವಾಕ್ಯವನ್ನು ಲಂಡನ್ನಿನ ಡಚ್ ವಾರ್ತೆ ಬಿತ್ತರಿಸಿತು. ರೇಡಿಯೋ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ಕಾಲದಲ್ಲಿ ಆ ಒಂದು ವಾಕ್ಯಕ್ಕೆ ಎಷ್ಟು ಭಾರವಿದ್ದಿರಬೇಕು ಎಂಬುದನ್ನು ಕೇಳುಗರು ಊಹಿಸಬಲ್ಲರು.

ಹ್ಯಾಕೆಟ್ ಬರಿಯ ಸೈನಿಕನಲ್ಲ, ವಿದ್ವಾಂಸ. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಗಳಲ್ಲಿ ನುರಿತವನು. ಸೈನ್ಯದಿಂದ ನಿವೃತ್ತನಾದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ. ಅವನು 1977ರಲ್ಲಿ ಆ ದಿನಗಳ ಬಗ್ಗೆ ಬರೆದ ಪುಸ್ತಕಕ್ಕೆ ಬೈಬಲ್ಲಿನ ಮಾತೊಂದನ್ನು ಹೆಸರಾಗಿ ಇಟ್ಟ. ತಾನು ಪರದೇಶಿಯಾಗಿದ್ದೆ ಎಂಬುದು ಅದರ ತಾತ್ಪರ್ಯ. ಸೇನಾಪತಿಯೊಬ್ಬ ಮಹಾಯುದ್ಧದ ನೆನಪನ್ನು ಬರೆಯುವಾಗ ಗೆದ್ದ ಕದನವನ್ನಾಗಲಿ, ಸೋತದ್ದಕ್ಕೆ ಸಮಾಧಾನವನ್ನಾಗಲಿ ಮುಂದಿಡದೆ, ತನ್ನನ್ನು ಒಳಗೆ ಕರೆದುಕೊಂಡ ಮನೆಯನ್ನು ಮುಂದಿಟ್ಟನೆಂಬುದನ್ನು ಗಮನಿಸಬೇಕು. ಗಿಂಕೆಲ್ ಬಯಲಿನ ಸ್ಮರಣೆಯ ಕೀಲಿಕೈ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ನಮ್ಮ ನಾಡಿನ ವೀರಗಲ್ಲುಗಳನ್ನು ಬಲ್ಲವರಿಗೆ, ಮಡಿದವನನ್ನು ಗೆಲುವು ಸೋಲುಗಳ ಲೆಕ್ಕವಿಲ್ಲದೆ ನೆನೆಯುವುದು ಹೊಸದಲ್ಲ. ಆದರೆ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಊರು ತನಗಾಗಿ ಸತ್ತವನನ್ನು ನೆನೆಯುತ್ತದೆ. ಸತ್ತವನಿಗೆ ಮರುಮಾತು ಇಲ್ಲ. ಇಲ್ಲಿ ಸ್ಮರಣೆ ಎರಡು ಕಡೆಯಿಂದಲೂ ನಡೆದಿದೆ. 1945ರ ಸೆಪ್ಟೆಂಬರಿನಲ್ಲಿ, ಊರು ಇನ್ನೂ ಕಲ್ಲುಮಣ್ಣಿನ ರಾಶಿಯಾಗಿದ್ದಾಗಲೇ, ಓಸ್ಟರ್‌ಬೇಕಿನ ಸೈನಿಕ ಸ್ಮಶಾನದಲ್ಲಿ ಶಾಲೆಯ ಮಕ್ಕಳು ಸಮಾಧಿಗಳ ಹಿಂದೆ ನಿಂತು ಹೂವಿಟ್ಟರು. ಅಲ್ಲಿ ಈಗ ಸುಮಾರು 1,750 ಸಮಾಧಿಗಳಿವೆ. ಇಂದಿಗೂ ವರ್ಷಕ್ಕೊಮ್ಮೆ ಮಕ್ಕಳು ಬಂದು, ಒಬ್ಬೊಬ್ಬರು ಒಂದೊಂದು ಸಮಾಧಿಯ ಮುಂದೆ ನಿಂತು ಹೂವಿಡುತ್ತಾರೆ. ಅಂದು ಹೂವಿಟ್ಟ ಮಕ್ಕಳ ಮೊಮ್ಮಕ್ಕಳ ಕಾಲ ಇದು. 1969ರಲ್ಲಿ ಇಪ್ಪತ್ತೈದು ವರ್ಷ ತುಂಬಿದಾಗ ಬ್ರಿಟಿಷ್ ಪ್ಯಾರಾಚೂಟ್ ರೆಜಿಮೆಂಟಿನವರು ಇನ್ನು ಈ ಆಚರಣೆಯನ್ನು ನಿಲ್ಲಿಸೋಣವೆಂದರು. ಒಪ್ಪದೆ ಹಟ ಹಿಡಿದವರು ಡಚ್ಚರು. 1994ರಲ್ಲಿ, ಐವತ್ತು ತುಂಬಿದಾಗ, ಹಳೆಯ ಸೈನಿಕರು ತಮ್ಮ ಕಡೆಯಿಂದ ಹಾರ್ಟೆನ್‌ಸ್ಟೈನಿನ ಎದುರಿಗೆ ಆ ಪ್ರಾಂತದ ಜನರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ನಾವು ತಂದದ್ದು ಸಾವು ಮತ್ತು ಹಾಳು, ನೀವು ಎಂದೂ ನಮ್ಮನ್ನು ದೂರಲಿಲ್ಲ ಎಂಬುದು ಅದರ ಬರಹದ ಭಾವ. ಗಾಯಾಳುಗಳನ್ನು ನೋಡಿಕೊಂಡ ಹೆಂಗಸರನ್ನು ಅದು ವಿಶೇಷವಾಗಿ ನೆನೆಯುತ್ತದೆ. ಸೈನಿಕರು ಊರಿನವರಿಗೆ ನಿಲ್ಲಿಸಿದ ಇಂಥ ಕಲ್ಲು ಲೋಕದಲ್ಲಿ ಅಪರೂಪ.

ಸ್ಮರಣೆ ನಿಜವಾಗಿದ್ದರೆ ಅದು ಅನ್ಯಾಯವನ್ನೂ ತಿದ್ದಬೇಕು. ಪೋಲೆಂಡಿನ ಬ್ರಿಗೇಡಿನ ನಾಯಕ ಸೊಸಬೋವ್‌ಸ್ಕಿ ಯೋಜನೆಯ ದೋಷಗಳನ್ನು ಮೊದಲೇ ಎತ್ತಿ ಹೇಳಿದ್ದವನು. ಅವನ ಪಡೆ ಮಂಜಿನಿಂದಾಗಿ ತಡವಾಗಿ, ಸೆಪ್ಟೆಂಬರ್ 21ರಂದು ನದಿಯ ದಕ್ಷಿಣದ ಡ್ರೀಲ್ ಎಂಬಲ್ಲಿ ಗುಂಡಿನ ನಡುವೆ ಇಳಿಯಿತು. ಸೋಲಿಗೆ ಯಾರಾದರೊಬ್ಬರು ಹೊಣೆಯಾಗಬೇಕಷ್ಟೆ. ಬ್ರಿಟಿಷ್ ಸೇನಾಪತಿಗಳು ಅವನತ್ತ ಬೆರಳು ತೋರಿಸಿದರು. ಅವನ ಅಧಿಕಾರ ಹೋಯಿತು. ಯುದ್ಧದ ಅನಂತರ ಸ್ವದೇಶಕ್ಕೂ ಮರಳಲಾರದೆ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ದುಡಿದು, 1967ರ ಸೆಪ್ಟೆಂಬರ್ 25ರಂದು ತೀರಿಕೊಂಡ. ಓಸ್ಟರ್‌ಬೇಕಿನವರು ನದಿ ದಾಟಿ ಹಿಂದೆಗೆದ ರಾತ್ರಿಯ ತಾರೀಖೇ ಅದು. ಅವನಿಗೂ ಅವನ ಬ್ರಿಗೇಡಿಗೂ ಮಾನ ಮರಳಿ ಬಂದದ್ದು 2006ರಲ್ಲಿ. ಕೊಟ್ಟವರು ಡಚ್ಚರ ರಾಣಿ ಬಿಯಾಟ್ರಿಕ್ಸ್.

ಇನ್ನು ಗಿಂಕೆಲ್ ಬಯಲಿನ ಧುಮುಕುವಿಕೆಗೆ ಮರಳೋಣ. ಒಂದು ಆಕ್ಷೇಪ ಇಲ್ಲಿ ಏಳುವುದುಂಟು. ಸತ್ತವರ ಸ್ಮರಣೆಗೆ ಇಷ್ಟು ಆಡಂಬರ ಏಕೆ, ಒಂದು ಹೂವು, ಒಂದು ನಿಮಿಷದ ಮೌನ ಸಾಲದೆ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಯುದ್ಧ ನೋಟವಾದಾಗ ನೋವು ಮರೆಯಾಗುತ್ತದೆ. ನಮ್ಮವರಿಗೆ ‘ಗಾಂಧಿ’ ಚಿತ್ರದಿಂದ ಪರಿಚಿತರಾದ ರಿಚರ್ಡ್ ಆಟನ್‌ಬರೋ ಅದಕ್ಕೆ ಮುಂಚೆ, 1977ರಲ್ಲಿ, ಕಾರ್ನೀಲಿಯಸ್ ರಯಾನನ ಪುಸ್ತಕವನ್ನು ಆಧರಿಸಿ ಈ ಕದನದ ಚಿತ್ರವನ್ನು ತೆಗೆದಿದ್ದರು. ಅದರಲ್ಲಿಯೂ ಜನರ ನೆನಪಿನಲ್ಲಿ ನಿಂತದ್ದು ಆಕಾಶದ ತುಂಬ ಪ್ಯಾರಾಚೂಟುಗಳು ಅರಳುವ ನೋಟವೇ. ಸೈನ್ಯಗಳಿಗೆ ಇದು ತಾಲೀಮು ಕೂಡ ಆಗಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೂ ಧುಮುಕುವುದರಲ್ಲಿ ಹೂವಿಡುವುದರಲ್ಲಿಲ್ಲದ ಒಂದು ಅಂಶವಿದೆ. ಧುಮುಕುವವನು ಸತ್ತವನ ಬಗ್ಗೆ ಮಾತಾಡುವುದಿಲ್ಲ, ಅವನು ಮಾಡಿದ್ದನ್ನು ಮಾಡುತ್ತಾನೆ. ಬಾಗಿಲಿನ ಅಂಚಿನಲ್ಲಿ ನಿಂತ ಆ ಕ್ಷಣದ ಭಯ ಇಂದಿನ ಇಪ್ಪತ್ತರ ಹುಡುಗನಿಗೂ ಹೊಸದೇ, ಅವನದೇ. ಬಯಲಿನ ಅಂಚಿನಲ್ಲಿ ಕಾದು ನಿಂತ ಊರಿನವರೂ ತಮ್ಮ ಹಿರಿಯರು ಮಾಡಿದ್ದನ್ನೇ ಮಾಡುತ್ತಾರೆ. ಇಳಿದು ಬಂದ ಪರದೇಶಿಯನ್ನು ಎದುರುಗೊಳ್ಳುತ್ತಾರೆ. 2019ರಲ್ಲಿ, ಎಪ್ಪತ್ತೈದು ವರ್ಷ ತುಂಬಿದಾಗ, ಹಲವು ದೇಶಗಳ ಸುಮಾರು 1,500 ಸೈನಿಕರು ಇಲ್ಲಿ ಇಳಿದರು. ಅವರೊಡನೆ, ತರಬೇತುಗಾರನೊಬ್ಬನ ಎದೆಗೆ ತನ್ನನ್ನು ಬಿಗಿದುಕೊಂಡು ಇಳಿದವನು ಸ್ಯಾಂಡಿ ಕಾರ್ಟ್‌ಮನ್. 1944ರಲ್ಲಿ ಇಲ್ಲಿಗೆ ಬಂದು ಸೆರೆಸಿಕ್ಕವನು. ಆಗ ತೊಂಬತ್ತೇಳರ ಮುದುಕ. ಜರ್ಮನಿಯ ಪ್ಯಾರಾಚೂಟ್ ಸೈನಿಕರೂ ಈಚಿನ ವರ್ಷಗಳಲ್ಲಿ ಈ ಸೆಪ್ಟೆಂಬರ್ ತಾಲೀಮುಗಳಲ್ಲಿ ಸೇರುವುದುಂಟು.

ಗಾಳಿ ಜೋರಾದರೆ, ಮೋಡ ಕವಿದರೆ, ಇಂದು ಧುಮುಕುವುದನ್ನು ನಿಲ್ಲಿಸುತ್ತಾರೆ, ಯಾರೂ ಬೇಸರಪಡುವುದಿಲ್ಲ. 1944ರಲ್ಲಿ ಆ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ, ಮೇಲಿದ್ದವರಿಗೂ ಇರಲಿಲ್ಲ, ಕೆಳಗಿದ್ದವರಿಗೂ ಇರಲಿಲ್ಲ. ಅಂದಿನ ಸೈನಿಕರಲ್ಲಿ ಬದುಕಿರುವವರು ಈಗ ಬೆರಳೆಣಿಕೆಯಷ್ಟು ಮಂದಿ. ಅವರೂ ಹೋದ ಮೇಲೆ ಈ ಋಣದ ಲೆಕ್ಕವನ್ನು ಯಾರು ಇಟ್ಟಾರು ಎಂದು ಕೇಳಬಹುದು. ಸಾಲವೆಂದಾದರೆ ಎಂದಾದರೊಂದು ದಿನ ತೀರಿಹೋಗಬೇಕು. ಆದರೆ ಇಲ್ಲಿ ಇಬ್ಬರೂ ತಾವೇ ಋಣಿಗಳೆಂದು ನಂಬಿದ್ದಾರೆ. ನಮಗಾಗಿ ಬಂದು ಸತ್ತರಲ್ಲ ಎಂದು ಒಬ್ಬರು, ನಮ್ಮಿಂದಾಗಿ ಎಲ್ಲವನ್ನೂ ಕಳೆದುಕೊಂಡರಲ್ಲ ಎಂದು ಇನ್ನೊಬ್ಬರು. ಇಂಥ ಋಣ ತೀರುವುದಿಲ್ಲ. ತೀರದೆ ಇರುವುದರಿಂದಲೇ ಪ್ರತಿ ಸೆಪ್ಟೆಂಬರಿನಲ್ಲಿಯೂ ಆ ಬಯಲಿಗೆ ಜನ ಬರುತ್ತಾರೆ.